ಮರದಲ್ಲಿರುವುದನ್ನು ಮತ್ತೆ ಮಾಡುವ ಕೆಲಸ

ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ, 2009ರ ಕೊನೆಯಲ್ಲಿ, ಕಾಳುಮೆಣಸಿನಿಂದ ಪೈಪರಿನ್ ತೆಗೆಯುವ ಪ್ರಯೋಗಕ್ಕೆ ನಾನು ಮೆಣಸನ್ನು ಅಂಗಡಿಯಿಂದ ಕೊಳ್ಳದೆ ತೀರ್ಥಹಳ್ಳಿ ಬಳಿಯ ನಮ್ಮ ತೋಟದಿಂದಲೇ ಒಯ್ದಿದ್ದೆ. ಪುಡಿ ಮಾಡಿದ ಮೆಣಸನ್ನು ಎಥನಾಲ್‌ನಲ್ಲಿ ಕುದಿಸಿ, ಸೋಸಿ, ದ್ರಾವಣವನ್ನು ಇಂಗಿಸಿ, ಆಲ್ಕೊಹಾಲಿನಲ್ಲಿ ಕರಗಿಸಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೇರಿಸಿ ರಾಳದಂಥ ಅಂಟನ್ನು ಬೇರೆ ಮಾಡಿ, ಉಳಿದದ್ದಕ್ಕೆ ನೀರು ಹನಿಸಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ತಳದಲ್ಲಿ ತಿಳಿಹಳದಿ ಬಣ್ಣದ ಸೂಜಿಗಳಂಥ ಹರಳುಗಳು ಕೂತಿರುತ್ತವೆ. ಮೆಣಸಿನ ಖಾರವೆಲ್ಲ ಆ ಹರಳಿನದು. ವಿದ್ಯುತ್ತಿಗೂ ಕಾಂತತ್ವಕ್ಕೂ ಇರುವ ನಂಟನ್ನು 1820ರಲ್ಲಿ ತೋರಿಸಿಕೊಟ್ಟ ಡೆನ್ಮಾರ್ಕಿನ ಓರ್ಸ್ಟೆಡ್ ಅದಕ್ಕೆ ಒಂದು ವರ್ಷ ಮೊದಲು ಇದೇ ಹರಳನ್ನು ಮೆಣಸಿನಿಂದ ಬೇರ್ಪಡಿಸಿದ್ದ ಎಂಬುದನ್ನು ತಿಳಿದಾಗ ನನಗೆ ವಿಚಿತ್ರ ಹೆಮ್ಮೆಯಾಗಿತ್ತು. ನಮ್ಮ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಗೂ ಭೌತಶಾಸ್ತ್ರದ ಪಠ್ಯಪುಸ್ತಕಕ್ಕೂ ಸಂಬಂಧವಿತ್ತಲ್ಲ ಎಂದು.

ಒಂದು ಚಿಟಿಕೆ ಹರಳನ್ನು ಊರಿಗೆ ತಂದು ಅಪ್ಪನಿಗೆ ತೋರಿಸಿದೆ. ಇದನ್ನು ಮೆಣಸಿಲ್ಲದೆ, ಬೇರೆ ಸರಳ ರಾಸಾಯನಿಕಗಳಿಂದಲೂ ಕಟ್ಟಬಹುದು, ಮುಂದೆ ನಾನು ಅಂಥದ್ದೇ ಸಂಶೋಧನೆಗೆ ಹೋಗಬೇಕೆಂದಿದ್ದೇನೆ ಎಂದೆ. ಅಪ್ಪ ಹರಳನ್ನು ಬೆಳಕಿಗೆ ಹಿಡಿದು ನೋಡಿ, "ಅಲ್ಲ ಮಾರಾಯ್ತಿ, ಬಳ್ಳಿಯಲ್ಲೇ ಆಗೋದನ್ನ ನೀನ್ಯಾಕೆ ಮತ್ತೆ ಮಾಡ್ಬೇಕು?" ಎಂದರು. ಆ ಪ್ರಶ್ನೆಯನ್ನು ಆಮೇಲೆ ನೆಂಟರು, ಸಂದರ್ಶನ ಮಂಡಳಿಗಳ ಪ್ರಾಧ್ಯಾಪಕರು, ಕೊನೆಗೆ ಬ್ಯಾಂಕಿನ ಸಾಲ ವಿಭಾಗದ ಅಧಿಕಾರಿಯೊಬ್ಬರೂ ಕೇಳಿದ್ದಾರೆ. ಯಾರೂ ಅಪ್ಪನಷ್ಟು ನೇರವಾಗಿ ಕೇಳಲಿಲ್ಲ.

ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 2010ರಲ್ಲಿ ತಿಂಗಳಿಗೆ 16,000 ರೂಪಾಯಿಯ ಶಿಷ್ಯವೇತನದೊಂದಿಗೆ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ.ಗೆ ಸೇರಿದೆ. ಮೊದಲ ಆರು ತಿಂಗಳು ಕೋರ್ಸುಗಳಲ್ಲಿ ಕಳೆದವು. ಅನಂತರ ಮಾರ್ಗದರ್ಶಕರು ಒಂದು ಸಂಶೋಧನಾ ಪ್ರಬಂಧವನ್ನು ಕೈಗಿತ್ತು ಅದರಲ್ಲಿದ್ದ ಒಂದು ರಚನೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು. ಸಮುದ್ರದ ಸ್ಪಂಜಿನಿಂದ ದೊರೆತಿದ್ದ ಆ ಅಣುವಿನಲ್ಲಿ ಹದಿನಾಲ್ಕು ಪರಮಾಣುಗಳ ಒಂದು ದೊಡ್ಡ ಉಂಗುರವಿತ್ತು, ಉಂಗುರದಿಂದ ಹೊರಚಾಚಿದ ಒಂದು ಬಾಲವಿತ್ತು. ಎಡಗೈ ಬಲಗೈಗಳಂತೆ ಎರಡು ಬಗೆಯಲ್ಲಿ ಜೋಡಣೆಯಾಗಬಲ್ಲ ಐದು ಇಂಗಾಲದ ಕೇಂದ್ರಗಳಿದ್ದವು. ಎಂದರೆ ಒಟ್ಟು ಮೂವತ್ತೆರಡು ಜೋಡಣೆಗಳು ಸಾಧ್ಯ, ಅವುಗಳಲ್ಲಿ ಸ್ಪಂಜು ಮಾಡುವುದು ಒಂದನ್ನು ಮಾತ್ರ. ಅದನ್ನು ಬೇರ್ಪಡಿಸಿದವರಿಗೆ ಸಿಕ್ಕಿದ್ದು ಒಟ್ಟು ನಾಲ್ಕು ಮಿಲಿಗ್ರಾಂ. ರಚನೆ ತಿಳಿಯುವುದರಲ್ಲಿ ಮತ್ತು ಒಂದೆರಡು ಜೀವಕೋಶ ಪರೀಕ್ಷೆಗಳಲ್ಲಿ ಅದೂ ಮುಗಿದುಹೋಗಿತ್ತು. ಆ ಅಣುವಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಏಕೆಂಬುದು ಮುಂದೆ ತಿಳಿಯುತ್ತದೆ.

ಇಂಥ ಅಣುವನ್ನು ಕಟ್ಟುವ ಯೋಜನೆಯನ್ನು ಹಿಂದುಮುಂದಾಗಿ ಮಾಡುತ್ತೇವೆ. ಮುಗಿದ ಮನೆಯನ್ನು ಎದುರಿಗಿಟ್ಟುಕೊಂಡು, ಕೊನೆಯ ಕಲ್ಲು ಯಾವುದಿರಬಹುದು, ಅದರ ಹಿಂದಿನದು ಯಾವುದು ಎಂದು ಒಂದೊಂದೇ ಬಂಧವನ್ನು ಮನಸ್ಸಿನಲ್ಲೇ ಬಿಡಿಸುತ್ತ, ಬಾಟಲಿಯಲ್ಲಿ ಕೊಳ್ಳಬಹುದಾದ ಪದಾರ್ಥದವರೆಗೆ ಬರುವುದು ಕ್ರಮ. ಈ ಯೋಚನೆಯನ್ನು ಶಾಸ್ತ್ರವಾಗಿ ರೂಪಿಸಿದ್ದಕ್ಕಾಗಿ ಹಾರ್ವರ್ಡಿನ ಇ. ಜೆ. ಕೋರಿ ಅವರಿಗೆ 1990ರಲ್ಲಿ ನೊಬೆಲ್ ಬಂತು. ನಮ್ಮ ಅಣುವನ್ನು ಹೀಗೆ ಬಿಡಿಸುತ್ತ ಹೋದಾಗ ಉಂಗುರದ ಒಂದು ಅಂಚಿನಲ್ಲಿ ಅಕ್ಕಪಕ್ಕ ಕೂತ ಎರಡು ಹೈಡ್ರಾಕ್ಸಿಲ್ ಗುಂಪುಗಳು ಕಂಡವು, ಮತ್ತು ಅವು ಟಾರ್ಟಾರಿಕ್ ಆಮ್ಲದ ಕಡೆಗೆ ಕೈ ತೋರಿಸಿದವು. ಹುಣಸೆಹಣ್ಣಿನ ಹುಳಿ ಎಂದರೆ ಇದೇ ಆಮ್ಲ. ಎಡಗೈ ಬಲಗೈ ಬಗೆಯ ಎರಡು ಕೇಂದ್ರಗಳನ್ನು ಹುಣಸೆ ಮರವೋ ದ್ರಾಕ್ಷಿ ಬಳ್ಳಿಯೋ ಸರಿಯಾದ ದಿಕ್ಕಿನಲ್ಲಿ ಮಾಡಿಟ್ಟಿರುವಾಗ ನಾವು ಹೊಸದಾಗಿ ಮಾಡುವುದೇಕೆ? ಕಿಲೋಗೆ ಕೆಲವು ನೂರು ರೂಪಾಯಿಗೆ ಸಿಗುವ ಆ ಬಿಳಿ ಪುಡಿಯಿಂದ ನನ್ನ ಇಪ್ಪತ್ತಮೂರು ಹಂತಗಳ ದಾರಿ ಆರಂಭವಾಯಿತು. ಮರ ಮಾಡುವುದನ್ನು ಮತ್ತೆ ಮಾಡುವವರೂ ಮರಕ್ಕೆ ಸಾಲಗಾರರೇ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ನಕ್ಕರು, ಒಪ್ಪಲಿಲ್ಲ.

ಈ ವೃತ್ತಿಗೆ ಬರುವವರು ಮೊದಲು ಕಲಿಯಬೇಕಾದದ್ದು ನಷ್ಟದ ಲೆಕ್ಕವೆಂದು ನನ್ನ ಅಭಿಪ್ರಾಯ. ಒಂದು ಹಂತದಲ್ಲಿ ನೂರಕ್ಕೆ ಎಂಬತ್ತು ಪಾಲು ಬಂದರೆ ಒಳ್ಳೆಯ ಇಳುವರಿ ಎನ್ನುತ್ತೇವೆ. ಅಂಥ ಇಪ್ಪತ್ತು ಒಳ್ಳೆಯ ಹಂತಗಳನ್ನು ಒಂದರ ಹಿಂದೆ ಒಂದು ಇಟ್ಟರೆ ಕೊನೆಗೆ ಉಳಿಯುವುದು ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು. ಅದೇ ಅಣುವನ್ನು ಎರಡು ತುಂಡುಗಳಾಗಿ, ತಲಾ ಹತ್ತು ಹಂತಗಳಲ್ಲಿ, ಬೇರೆಬೇರೆಯಾಗಿ ಕಟ್ಟಿ ಕೊನೆಗೆ ಬೆಸೆದರೆ ಎಂಟೂವರೆ ಪಾಲು ಉಳಿಯುತ್ತದೆ. ಹಂತಗಳ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ. ಜೋಡಿಸುವ ಕ್ರಮ ಮಾತ್ರ ಬೇರೆ. ಬೇವಿನ ಬೀಜದಲ್ಲಿರುವ ಕೀಟನಿರೋಧಕ ಅಜಾಡಿರಾಕ್ಟಿನ್ ಅನ್ನು ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡ 2007ರಲ್ಲಿ ಕಟ್ಟಿ ಮುಗಿಸಿತು. ಇಪ್ಪತ್ತೆರಡು ವರ್ಷ ಹಿಡಿದಿತ್ತು. 71 ಹಂತಗಳು, ಒಟ್ಟು ಇಳುವರಿ ಶೇಕಡಾ 0.00015. ಬೇವಿನ ಮರವಿರುವ ಯಾವ ಊರಿನಲ್ಲೂ ಈ ಅಂಕಿಗಳನ್ನು ಜೋರಾಗಿ ಹೇಳಬಾರದು ಎಂದು ನಮ್ಮ ಪ್ರಯೋಗಾಲಯದಲ್ಲಿ ತಮಾಷೆ ಮಾಡುತ್ತಿದ್ದೆವು. ಆದರೆ ಆ ಕೆಲಸದ ವಿವರಗಳನ್ನು ಓದಿದ ಮೇಲೆ ತಮಾಷೆ ಮಾಡುವ ಮನಸ್ಸು ನನಗೆ ಉಳಿಯಲಿಲ್ಲ. ಅಷ್ಟು ಸೂಕ್ಷ್ಮವಾದ, ಆಮ್ಲಕ್ಕೂ ಪ್ರತ್ಯಾಮ್ಲಕ್ಕೂ ಬೆಳಕಿಗೂ ಕೆಡುವ ಅಣು ಎಲ್ಲೆಲ್ಲಿ ಮುರಿಯುತ್ತದೆ, ಎಲ್ಲಿ ತಡೆದುಕೊಳ್ಳುತ್ತದೆ ಎಂಬುದು ಮರವನ್ನು ಕೇಳಿದರೆ ತಿಳಿಯುವಂಥದ್ದಲ್ಲ.

ದಿನಚರಿಯ ಬಗ್ಗೆ ಹೇಳುತ್ತೇನೆ, ಏಕೆಂದರೆ ಹೊರಗಿನವರು ಈ ಕೆಲಸವನ್ನು ಕಪ್ಪುಹಲಗೆಯ ಮೇಲಿನ ಬಾಣದ ಗುರುತುಗಳೆಂದು ಭಾವಿಸುತ್ತಾರೆ. ಬೆಳಗ್ಗೆ ಒಂಬತ್ತಕ್ಕೆ ಬಂದು ಮೊದಲು ನೋಡುವುದು ಟಿಎಚ್‌ಎಫ್ ದ್ರಾವಕವನ್ನು ಸೋಡಿಯಂ ಮತ್ತು ಬೆಂಜೋಫಿನೋನ್ ಮೇಲೆ ಕುದಿಸುವ ಪಾತ್ರೆಯನ್ನು. ಅದು ಕಡುನೀಲಿಯಾಗಿದ್ದರೆ ನೀರಿನ ಅಂಶ ಹೋಗಿದೆ, ಕೆಲಸ ಆರಂಭಿಸಬಹುದು. ಆಷಾಢದ ಮಳೆಯಲ್ಲಿ ಆ ನೀಲಿ ಬರುವುದಕ್ಕೆ ಮಧ್ಯಾಹ್ನವಾಗುತ್ತಿತ್ತು. ಆಮೇಲೆ ಆರ್ಗಾನ್ ತುಂಬಿದ ಬಲೂನು, ಒಣಮಂಜು ಮತ್ತು ಅಸಿಟೋನ್ ಬೆರೆಸಿದ ಮೈನಸ್ 78 ಡಿಗ್ರಿಯ ತೊಟ್ಟಿ, ಸೂಜಿಯಲ್ಲಿ ಎಳೆದ ಬ್ಯೂಟೈಲ್ ಲಿಥಿಯಂ. ಅರ್ಧ ಗಂಟೆಗೊಮ್ಮೆ ಒಂದು ಹನಿಯನ್ನು ಸಿಲಿಕಾ ಲೇಪಿಸಿದ ತಗಡಿನ ಮೇಲೆ ಇಟ್ಟು, ದ್ರಾವಕ ಏರಿದಂತೆ ಪದಾರ್ಥಗಳು ಬೇರೆಬೇರೆ ಚುಕ್ಕೆಗಳಾಗುವ ಟಿಎಲ್‌ಸಿ ಪರೀಕ್ಷೆ ನೋಡಬೇಕು. ಅತಿನೇರಳೆ ದೀಪದಡಿ ಏನೂ ಕಾಣದಿದ್ದರೆ ಆನಿಸಾಲ್ಡಿಹೈಡ್ ದ್ರಾವಣದಲ್ಲಿ ಅದ್ದಿ ಬಿಸಿಗಾಳಿ ಹಿಡಿಯಬೇಕು. ಆಗ ಒಂದು ಸ್ಪಾಟ್ ನೇರಳೆ, ಇನ್ನೊಂದು ಹಸಿರು, ಮತ್ತೊಂದು ಕಂದು ಆಗಿ ಏಳುತ್ತವೆ. ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತು ಚೊಗರಿನ ಬಣ್ಣ ನೋಡಿಯೇ ಬೆಂದದ್ದು ಸಾಕು ಎನ್ನುವ ಅಪ್ಪನ ಕಣ್ಣು ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇಲ್ಲಿ. ಯಾವ ಬಣ್ಣ ಎಷ್ಟು ಹೊತ್ತಿಗೆ ಏಳುತ್ತದೆ ಎಂಬುದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ; ಜೊತೆಯವರು ನಗುತ್ತಿದ್ದರು; ಎರಡು ವರ್ಷಗಳ ನಂತರ ಅವರೂ ಆ ನೋಟ್‌ಬುಕ್ಕನ್ನು ಕೇಳಿ ಪಡೆದರು.

ಸಂಜೆ ಕಾಲಂ. ಗಾಜಿನ ಕೊಳವೆಯಲ್ಲಿ ಸಿಲಿಕಾ ತುಂಬಿ, ಮೇಲಿನಿಂದ ಕ್ರಿಯೆಯಲ್ಲಿ ಬಂದ ಅಶುದ್ಧ ಮಿಶ್ರಣ ಹಾಕಿ, ದ್ರಾವಕ ಸುರಿಯುತ್ತ, ಕೆಳಗೆ ನೂರಾರು ಪರೀಕ್ಷಾ ನಳಿಗೆಗಳಲ್ಲಿ ಹಿಡಿಯುವ ಈ ಶುದ್ಧೀಕರಣದಲ್ಲೇ ನನ್ನ ಸಂಶೋಧನೆಯ ಅರ್ಧದಷ್ಟು ಸಮಯ ಹೋಗಿರಬೇಕು. ಸ್ವೆರ್ನ್ ಆಕ್ಸಿಡೇಷನ್ ಎಂಬ ಕ್ರಿಯೆ ಮಾಡಿದ ದಿನ ಹುಟ್ಟುವ ಡೈಮಿಥೈಲ್ ಸಲ್ಫೈಡಿನ ಕೊಳೆತ ಕೋಸಿನ ವಾಸನೆ ಕೂದಲಿಗೆ ಅಂಟಿ, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾಗುತ್ತಿತ್ತು.

2013ರ ಜುಲೈನಲ್ಲಿ, ಹದಿನೈದನೆಯ ಹಂತದ 210 ಮಿಲಿಗ್ರಾಂ ಸಂಯುಕ್ತವಿದ್ದ ಫ್ಲಾಸ್ಕನ್ನು, ತಿರುಗಿಸುತ್ತ ದ್ರಾವಕ ಇಂಗಿಸುವ ರೋಟಾವ್ಯಾಪ್ ಯಂತ್ರಕ್ಕೆ ಹಚ್ಚಿ, ಕ್ಲಿಪ್ ಹಾಕುವುದನ್ನು ಮರೆತು, ಫೋನಿಗೆ ಓಗೊಟ್ಟೆ. ತಿರುಗಿ ಬಂದಾಗ ಫ್ಲಾಸ್ಕು ಕೆಳಗಿನ ಬಿಸಿನೀರಿನ ತೊಟ್ಟಿಯಲ್ಲಿ ಬಾಯಿ ಮೇಲಾಗಿ ತೇಲುತ್ತಿತ್ತು, ಒಳಗೆ ನೀರಿತ್ತು. ಅದಕ್ಕೆ ಬೇರೆ ಯಾರನ್ನೂ ದೂರುವಂತಿರಲಿಲ್ಲ. ಆ ತೊಟ್ಟಿಯ ಐದು ಲೀಟರ್ ನೀರನ್ನು, ಅದರಲ್ಲಿ ಹಿಂದಿನವರೆಲ್ಲ ಬೀಳಿಸಿದ್ದ ಪದಾರ್ಥಗಳ ಸಮೇತ, ಈಥೈಲ್ ಅಸಿಟೇಟಿನಲ್ಲಿ ಹಲವು ಸಲ ಕುಲುಕಿ, ಇಂಗಿಸಿ, ಎರಡು ಕಾಲಂ ಹಾಕಿ ರಾತ್ರಿ ಮೂರು ಗಂಟೆಗೆ 90 ಮಿಲಿಗ್ರಾಂ ಮರಳಿ ಪಡೆದೆ. ಉಳಿದದ್ದಕ್ಕಾಗಿ ಟಾರ್ಟಾರಿಕ್ ಆಮ್ಲದಿಂದ ಮತ್ತೆ ಹೊರಟು ಅಲ್ಲಿಗೆ ತಲುಪಲು ನಾಲ್ಕು ತಿಂಗಳು ಬೇಕಾಯಿತು. ಆ ತೊಟ್ಟಿಯ ನೀರಿನಿಂದ ಗುರುತಿಸಲಾಗದ ಇನ್ನೂ ಮೂರು ಸಂಯುಕ್ತಗಳು ಬಂದವು, ಅವುಗಳ ಒಡೆಯರು ಯಾರೆಂದು ಇಂದಿಗೂ ಗೊತ್ತಿಲ್ಲ.

ಉಂಗುರ ಮುಚ್ಚುವ ಹಂತ ಇನ್ನೂ ಕಷ್ಟದ್ದಾಗಿತ್ತು. 2005ರ ನೊಬೆಲ್ ಪಡೆದ, ದ್ವಿಬಂಧಗಳ ತುದಿಗಳನ್ನು ಅದಲುಬದಲು ಮಾಡಿ ಬೆಸೆಯುವ ಮೆಟಾಥೆಸಿಸ್ ಕ್ರಿಯೆಯಿಂದ ಮುಚ್ಚಬೇಕೆಂದು ಯೋಜಿಸಿದ್ದೆವು. ಹದಿನಾಲ್ಕು ತಿಂಗಳ ಪ್ರಯತ್ನದ ನಂತರ ಕೈಗೆ ಬಂದದ್ದು ದ್ವಿಬಂಧದ ಎರಡೂ ರೂಪಗಳ ಬೇರ್ಪಡಿಸಲಾಗದ ಮಿಶ್ರಣ. ಮಾರ್ಗದರ್ಶಕರು ಆ ದಾರಿಯನ್ನು ಬಿಡಲು ಒಪ್ಪುತ್ತಿರಲಿಲ್ಲ, ನನಗೂ ಬಿಡುವ ಧೈರ್ಯವಿರಲಿಲ್ಲ. ಇಂದು ಹಿಂದಿರುಗಿ ನೋಡಿದರೆ ಐದನೆಯ ತಿಂಗಳಲ್ಲೇ ಬಿಡಬೇಕಿತ್ತು. ಕೊನೆಗೆ, ಸರಪಳಿಯ ಆಮ್ಲದ ತುದಿಯನ್ನು ಹೈಡ್ರಾಕ್ಸಿಲ್ ತುದಿಗೆ ಬೆಸೆಯುವ ಯಮಗುಚಿ ವಿಧಾನಕ್ಕೆ ಹೊರಳಿದೆವು: 40 ಮಿಲಿಗ್ರಾಂ ಸರಪಳಿಯನ್ನು 80 ಮಿಲಿಲೀಟರ್ ಟೊಲ್ಯೂಯಿನ್‌ನ ತೆಳು ದ್ರಾವಣವಾಗುವಂತೆ ಸಿರಿಂಜ್ ಪಂಪಿನಿಂದ ಆರು ಗಂಟೆ ಕಾಲ ಹನಿಹನಿಯಾಗಿ ಬಿಡುವುದು. ದ್ರಾವಣ ತೆಳುವಾಗಿದ್ದಷ್ಟೂ ಅಣುವಿನ ತಲೆಗೆ ಪಕ್ಕದ ಅಣುವಿನ ಬಾಲ ಸಿಗುವ ಸಂಭವ ಕಡಿಮೆ. ಅದು ತನ್ನ ಬಾಲವನ್ನೇ ಹಿಡಿಯುತ್ತದೆ. ಮೊದಲ ಸಲಕ್ಕೇ ಶೇಕಡಾ 62 ಬಂತು.

ಉಳಿದದ್ದು, ನಡುವಿನ ಹಂತಗಳಲ್ಲಿ ಕ್ರಿಯೆಗೆ ಇಳಿಯದಂತೆ ಹೈಡ್ರಾಕ್ಸಿಲ್‌ಗಳಿಗೆ ತೊಡಿಸಿದ್ದ ಸಿಲಿಕಾನ್ ಮುಸುಕುಗಳನ್ನು ತೆಗೆಯುವ ಒಂದೇ ಹಂತ. ಇದಕ್ಕೆ ಎಲ್ಲರೂ ಬಳಸುವ ಟಿಬಿಎಎಫ್ ಎಂಬ ಫ್ಲೋರೈಡ್ ಲವಣ ಹಾಕಿದಾಗ, ಅದರ ಪ್ರತ್ಯಾಮ್ಲ ಗುಣಕ್ಕೆ ಉಂಗುರ ಬಿಚ್ಚಿಕೊಂಡು ಮೂರು ಮಿಲಿಗ್ರಾಂ ಕಪ್ಪು ಅಂಟಾಯಿತು. ಎರಡನೆಯ ಸಲ ಎಚ್‌ಎಫ್–ಪಿರಿಡಿನ್ ಅನ್ನು, ಅದು ಗಾಜನ್ನೇ ತಿನ್ನುವುದರಿಂದ ಪ್ಲಾಸ್ಟಿಕ್ ನಳಿಗೆಯಲ್ಲಿ, ಚರ್ಮಕ್ಕೆ ತಾಗಿದರೆ ಹಚ್ಚಬೇಕಾದ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ಲನ್ನು ಪಕ್ಕದಲ್ಲಿಟ್ಟುಕೊಂಡು ಬಳಸಿದೆ. 2015ರ ಮಾರ್ಚಿನಲ್ಲಿ 5.2 ಮಿಲಿಗ್ರಾಂ ಬಿಳಿ ಪದಾರ್ಥ ಕೈಗೆ ಬಂತು. ಸ್ಪಂಜಿನವರ ಬಳಿ ಇದ್ದುದಕ್ಕಿಂತ ಹೆಚ್ಚು ನನ್ನ ಬಳಿ ಇತ್ತು.

ಎನ್‌ಎಂಆರ್ ಹೊಂದಲಿಲ್ಲ.

ಅಣುವಿನ ಪ್ರತಿ ಇಂಗಾಲವೂ ತನ್ನ ಜಾಗಕ್ಕೆ ತಕ್ಕ ಸಂಕೇತ ಕೊಡುವ ಪರೀಕ್ಷೆ ಎನ್‌ಎಂಆರ್. ಪ್ರಕಟವಾಗಿದ್ದ ಇಂಗಾಲದ ಸಂಕೇತಗಳ ಪಟ್ಟಿಯನ್ನೂ ನನ್ನದನ್ನೂ ಅಕ್ಕಪಕ್ಕ ಬರೆದೆ. ಹೆಚ್ಚಿನವು 0.1 ಪಿಪಿಎಂ ಒಳಗೆ ಕೂಡಿಬಂದವು, ಬಾಲದ ಕಡೆಯ ಮೂರು ಮಾತ್ರ ಒಂದರಿಂದ ಎರಡು ಪಿಪಿಎಂ ಆಚೀಚೆ ನಿಂತಿದ್ದವು. ಮುಂದಿನ ಎರಡು ತಿಂಗಳು ನಾನು ತಪ್ಪನ್ನು ನನ್ನಲ್ಲೇ ಹುಡುಕಿದೆ. ಹನ್ನೊಂದನೆಯ ಹಂತದಲ್ಲಿ ಒಂದು ಕೇಂದ್ರ ತಿರುಗಿರಬಹುದೇ ಎಂದು ಆ ಹಂತದ ಸಂಯುಕ್ತದಿಂದ ಹರಳು ಬೆಳೆಸಿ ಎಕ್ಸ್-ರೇಗೆ ಕೊಟ್ಟೆ, ತಿರುಗಿರಲಿಲ್ಲ. ಆಗ ಮಾರ್ಗದರ್ಶಕರು ಡಯಾಜೊನಮೈಡ್–ಎ ಎಂಬ ಅಣುವಿನ ಕಥೆ ಹೇಳಿದರು. ಸಮುದ್ರಜೀವಿಯೊಂದರಿಂದ ಬಂದ ಅದರ ರಚನೆ 1991ರಲ್ಲಿ ಪ್ರಕಟವಾಗಿತ್ತು. ಹತ್ತು ವರ್ಷಗಳ ನಂತರ ಪ್ಯಾಟ್ರಿಕ್ ಹ್ಯಾರನ್ ಅವರ ತಂಡ ಅದನ್ನು ಕಟ್ಟಿ ಮುಗಿಸಿದಾಗಲೇ ಪ್ರಕಟಿತ ರಚನೆ ತಪ್ಪೆಂದು ತಿಳಿದದ್ದು. "ನೀನು ಮಾಡಿದ್ದು ಸರಿ ಇರಬಹುದು. ಅವರು ಬರೆದದ್ದು ತಪ್ಪಿರಬಹುದು. ಬಾಲದ ಹೈಡ್ರಾಕ್ಸಿಲನ್ನು ತಿರುಗಿಸಿ ಇನ್ನೊಂದನ್ನು ಮಾಡು," ಎಂದರು. ತುಂಡುಗಳಾಗಿ ಕಟ್ಟಿದ್ದರ ಲಾಭ ಆಗ ಗೊತ್ತಾಯಿತು: ಬಾಲದ ತುಂಡನ್ನಷ್ಟೇ ಬೇರೆ ಮಾಡಿದರೆ ಸಾಕಿತ್ತು. ಐದು ತಿಂಗಳಲ್ಲಿ ಎರಡನೆಯ ಅಣು ಮುಗಿಯಿತು, ಮೂರು ಸಂಕೇತಗಳೂ ತಮ್ಮ ಜಾಗಕ್ಕೆ ಬಂದು ಕೂತವು, ಧ್ರುವೀಕೃತ ಬೆಳಕನ್ನು ತಿರುಗಿಸುವ ದಿಕ್ಕೂ ಹೊಂದಿತು.

ಹೀಗೆ ನನ್ನ ಆರು ವರ್ಷಗಳ ಪ್ರಬಂಧದ ಮುಖ್ಯ ಸಾಧನೆಯೆಂದರೆ ಯಾವ ಸ್ಪಂಜೂ ಮಾಡದ ಒಂದು ಅಣುವನ್ನು ಮೊದಲು ಮಾಡಿದ್ದು. ಮೊದಲು ಬೇರ್ಪಡಿಸಿದವರನ್ನು ನಾನು ತಪ್ಪಿತಸ್ಥರೆಂದು ಹೇಳಲಾರೆ. ನಾಲ್ಕು ಮಿಲಿಗ್ರಾಮಿನಲ್ಲಿ, ಅತ್ತಿತ್ತ ತೊನೆಯುವ ಬಾಲದ ಮೇಲಿನ ಒಂದು ಕೇಂದ್ರವನ್ನು ನಿರ್ಧರಿಸುವುದು ನನ್ನಿಂದಲೂ ಆಗುತ್ತಿರಲಿಲ್ಲ. ಆದರೆ ಅಪ್ಪನ ಪ್ರಶ್ನೆಗೆ ನನ್ನದೇ ಆದ ಉತ್ತರವೊಂದು ಸಿಕ್ಕಿತ್ತು: ಪ್ರಕೃತಿಯಲ್ಲಿ ಏನಿದೆ ಎಂದು ನಾವು ಬರೆದುಕೊಂಡಿರುವುದು ನಿಜವೇ ಎಂಬುದು, ಕೆಲವೊಮ್ಮೆ, ಅದನ್ನು ಕೈಯಾರೆ ಮಾಡಿ ನೋಡುವವರೆಗೂ ಗೊತ್ತಾಗುವುದಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಫೋಟೋದಲ್ಲಿ ಬಾಟಲಿಯನ್ನು ತೋರಿಸಿದೆ. ಅಪ್ಪ ಕನ್ನಡಕ ಏರಿಸಿ, "ಎಲ್ಲಿದೆ?" ಎಂದರು.

ಜರ್ಮನಿಯಲ್ಲಿ ಕಳೆದ ಎರಡು ಪೋಸ್ಟ್‌ಡಾಕ್ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳ್ಳೆಯ ಉಪಕರಣಗಳಿದ್ದವು, ಸಂಜೆ ಆರಕ್ಕೆ ದೀಪ ಆರಿಸುವ ಪದ್ಧತಿಯಿತ್ತು, ಒಂಟಿತನವಿತ್ತು. 2018ರಲ್ಲಿ ಮರಳಿದ ಮೇಲೆ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಹಾಕಿದೆ. ಒಂದು ಸಂದರ್ಶನದಲ್ಲಿ, ಇಪ್ಪತ್ತಮೂರು ಹಂತಗಳಲ್ಲಿ ಮಾಡಿದ್ದನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿದರು. ಜಪಾನಿನ ಕಡಲತೀರದ 600 ಕಿಲೋ ಸ್ಪಂಜಿನಿಂದ ಹ್ಯಾಲಿಕಾಂಡ್ರಿನ್–ಬಿ ಸಿಕ್ಕಿದ್ದು 12.5 ಮಿಲಿಗ್ರಾಂ ಎಂಬುದನ್ನೂ, ಅದನ್ನು ಹಾರ್ವರ್ಡಿನ ಯೊಶಿಟೊ ಕಿಶಿ 1992ರಲ್ಲಿ ಕಟ್ಟಿದ್ದನ್ನೂ, ಹಾಗೆ ಕಟ್ಟಿದ್ದರಿಂದಲೇ ಅದರ ಅರ್ಧ ಭಾಗ ಸಾಕೆಂದು ತಿಳಿದು ಎರಿಬುಲಿನ್ ಎಂಬ ಸ್ತನ ಕ್ಯಾನ್ಸರಿನ ಔಷಧವಾಗಿ 2010ರಲ್ಲಿ ಅಮೆರಿಕದಲ್ಲಿ ಮಂಜೂರಾದದ್ದನ್ನೂ ಹೇಳಿದೆ. ಆ ಔಷಧವನ್ನು ಇಂದಿಗೂ ಅರವತ್ತಕ್ಕೂ ಹೆಚ್ಚು ಹಂತಗಳಲ್ಲಿ ಕಾರ್ಖಾನೆಯಲ್ಲೇ ಮಾಡುತ್ತಾರೆ. ಮಂಡಳಿಯವರು ತಲೆದೂಗಿದರು. ಹುದ್ದೆ ಬೇರೆಯವರಿಗೆ ಹೋಯಿತು.

ಬೆಂಗಳೂರಿನ ಹೊರವಲಯದಲ್ಲಿ, ವಿದೇಶಿ ಔಷಧ ಕಂಪನಿಗಳಿಗಾಗಿ ಸಂಶೋಧನೆ ಮಾಡಿಕೊಡುವ ಒಂದು ಸಂಸ್ಥೆ ನನ್ನನ್ನು ಸೇರಿಸಿಕೊಂಡಿತು. ಕರ್ನಾಟಕದಲ್ಲಿ ಸಾವಯವ ರಸಾಯನಶಾಸ್ತ್ರ ಓದಿದ ಬಹಳಷ್ಟು ಜನ ಕೊನೆಗೆ ಬಂದು ಸೇರುವುದು ಬೊಮ್ಮಸಂದ್ರ, ಜಿಗಣಿಗಳ ಇಂಥ ಕಟ್ಟಡಗಳಿಗೇ. ಅದನ್ನು ಸೋಲೆಂದು ಭಾವಿಸುವ ಪರಿಪಾಠ ವಿಶ್ವವಿದ್ಯಾಲಯಗಳಲ್ಲಿದೆ, ನಾನೂ ಒಂದು ವರ್ಷ ಹಾಗೆಯೇ ಭಾವಿಸಿದ್ದೆ. ಇಲ್ಲಿಯ ನಿಯಮಗಳು ಬೇರೆ. ಮೈನಸ್ 78 ಡಿಗ್ರಿ ಬೇಡ, ಡೈಕ್ಲೋರೋಮೀಥೇನ್ ಆದಷ್ಟು ಬೇಡ, ಕಾಲಂ ಖಂಡಿತ ಬೇಡ. ಹತ್ತು ಮಿಲಿಗ್ರಾಮಿಗೆ ಒಂದು ಕಾಲಂ ಸರಿ, ಹತ್ತು ಕಿಲೋಗೆ ಎಷ್ಟು ಸಿಲಿಕಾ, ಎಷ್ಟು ದ್ರಾವಕ ಬೇಕೆಂದು ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ವಿಲ್‌ಸ್ಟೆಟರ್ 1901ರಲ್ಲಿ ಹಲವು ಹಂತಗಳಲ್ಲಿ ಏದುಸಿರು ಬಿಡುತ್ತ ಮಾಡಿದ ಟ್ರೋಪಿನೋನ್ ಎಂಬ ಸಂಯುಕ್ತವನ್ನು ಇಂಗ್ಲೆಂಡಿನ ರಾಬಿನ್ಸನ್ 1917ರಲ್ಲಿ ಮೂರು ಸರಳ ಪದಾರ್ಥಗಳನ್ನು ನೀರಿನಲ್ಲಿ ಒಂದೇ ಪಾತ್ರೆಗೆ ಹಾಕಿ ಮಾಡಿದ್ದನ್ನು ಎಂ.ಎಸ್ಸಿ.ಯಲ್ಲಿ ಅಂಕಗಳಿಗಾಗಿ ಬಾಯಿಪಾಠ ಮಾಡಿದ್ದೆ. ಅದರ ಬೆಲೆ ಅರ್ಥವಾದದ್ದು ಇಲ್ಲಿ.

ನನ್ನ ತಂಡಕ್ಕೆ ಮೂರು ವರ್ಷಗಳ ಹಿಂದೆ ಕ್ಯಾಂಪ್ಟೋಥೆಸಿನ್ ಬಗೆಯ ಅಣುವೊಂದರ ಕೆಲಸ ಬಂತು. 1966ರಲ್ಲಿ ವಾಲ್ ಮತ್ತು ವಾನಿ ಚೀನಾ ಮೂಲದ ಮರವೊಂದರಿಂದ ತೆಗೆದ ಕ್ಯಾಂಪ್ಟೋಥೆಸಿನ್, ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆಯ ಮರದಲ್ಲಿ ಇನ್ನೂ ಹೆಚ್ಚಾಗಿದೆಯೆಂದು 1972ರಲ್ಲಿ ಟಿ. ಆರ್. ಗೋವಿಂದಾಚಾರಿಯವರು ತೋರಿಸಿದರು. ಅದರಿಂದ ಹುಟ್ಟಿದ ಟೋಪೋಟೆಕಾನ್, ಇರಿನೋಟೆಕಾನ್ ಎಂಬ ಕ್ಯಾನ್ಸರ್ ಔಷಧಗಳು 1996ರಲ್ಲಿ ಅಮೆರಿಕದಲ್ಲಿ ಮಂಜೂರಾದ ಮೇಲೆ ಘಟ್ಟದ ಆ ಮರಕ್ಕೆ ಕೊಡಲಿ ಬಿತ್ತು. ರಜೆಯಲ್ಲಿ ಊರಿಗೆ ಹೋದಾಗ ಅಪ್ಪನಿಗೆ ಈ ಮರದ ಗುರುತು ಹೇಳಿದೆ. ಎಲೆ ಉಜ್ಜಿದರೆ ನಾರುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಹಿಂದೆ ಕಾಡಂಚಿನಲ್ಲಿ ಅಂಥದ್ದು ಇದ್ದಂತೆ ನೆನಪು, ಲಾರಿಯವರು ಬಂದು ಒಯ್ದರು, ಸೌದೆಗೂ ಆಗದ ಮರವನ್ನು ಯಾಕೆ ಒಯ್ಯುತ್ತಾರೋ ಎಂದುಕೊಂಡಿದ್ದೆವು ಎಂದರು. ಆಮೇಲೆ ಅವರು ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ.

ಈಗ ನಡೆಯುತ್ತಿರುವ ಕೆಲಸದಲ್ಲಿ ಹನ್ನೊಂದು ಹಂತಗಳನ್ನು ಏಳಕ್ಕೆ ಇಳಿಸಿದ್ದೇವೆ. ನಾಲ್ಕನೆಯ ಹಂತದ ಕಾಲಮನ್ನು ತೆಗೆಯಲು ಒಂಬತ್ತು ದ್ರಾವಕಗಳಲ್ಲಿ ಹರಳುಗಟ್ಟಿಸಲು ನೋಡಿ ಸೋತಿದ್ದೆವು. ಹೊಸದಾಗಿ ಸೇರಿದ ಹುಡುಗನೊಬ್ಬ ಎಥನಾಲ್‌ನಲ್ಲಿ ಕರಗಿಸಿ ನೀರು ಹನಿಸಿ ನೋಡಲೇ ಮೇಡಂ ಎಂದು ಕೇಳಿದ. ಅಷ್ಟು ಸರಳವಾದದ್ದನ್ನು ನಮ್ಮಲ್ಲಿ ಯಾರೂ ಮಾಡಿರಲಿಲ್ಲ. ಕಳೆದ ವಾರ ಇಪ್ಪತ್ತು ಲೀಟರಿನ ರಿಯಾಕ್ಟರಿನಲ್ಲಿ ಸಂಜೆ ನೀರು ಬಿಟ್ಟು, ಒಂದು ಚಿಟಿಕೆ ಹಳೆಯ ಹರಳನ್ನು ಬೀಜವಾಗಿ ಹಾಕಿ, ಕಲಕುವ ವೇಗ ತಗ್ಗಿಸಿ ಮನೆಗೆ ಹೋದೆವು. ಬೆಳಗ್ಗೆ ಗಾಜಿನ ಒಳಗೆ ತಿಳಿಹಳದಿ ಸೂಜಿಗಳು ಸುತ್ತುತ್ತಿದ್ದವು. ಸೋಸಿ ಒಣಗಿಸಿ ತೂಗಿದಾಗ 1.4 ಕಿಲೋ ಇತ್ತು, ಇಳುವರಿ ಶೇಕಡಾ 81. ಮುಂದಿನ ಬ್ಯಾಚು ಗುರುವಾರಕ್ಕಿದೆ.